ಕಂಟ್ರೋಲರ್ ಕಾಕಾನ ಹೆಸರು

ಬೆಳಗಾವಿ ಟಿಳಕವಾಡಿಯ ನಮ್ಮ ಹಳೆಯ ಓಣಿಯ ಮೂಲೆಯಲ್ಲಿ ಹೋದ ವಾರ ಒಂದು ಬ್ಯಾನರ್ ಕಟ್ಟಿದ್ದಾರೆ. ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಕಾಕಾನ ಫೋಟೊ, ಕೆಳಗೆ ಓಣಿಯ ಹುಡುಗರ ಸಣ್ಣ ಸಣ್ಣ ಮುಖಗಳು, ಫೋಟೊದ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತು: ಮೃದುಭಾಷಿ.

ನಾನು ಸ್ಕೂಟಿ ನಿಲ್ಲಿಸಿ ಎರಡು ಸಲ ಓದಿದೆ. ಮೃದುಭಾಷಿ? ಯಾರು, ಈ ಮನುಷ್ಯನಾ? ನಾನು ಫೋನಿನಲ್ಲಿ ಸೀರೆ ಮಾರುವವಳು. ಬಣ್ಣ ಬಿಡುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಸುಳ್ಳು ನನಗೇನೂ ಹೊಸದಲ್ಲ. ಆದರೆ ಇಷ್ಟು ದೊಡ್ಡ ಅಕ್ಷರದಲ್ಲಿ ಹೇಳುವ ಧೈರ್ಯ ನನಗೂ ಬಂದಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಮುಂದಕ್ಕೆ ಸರಿಸಿಕೊಂಡು ಹೋಗಿ. ಕಾಕಾನ ಹೆಸರನ್ನು ನಾನು ಬರೆಯುವುದಿಲ್ಲ. ಬೇಕಾದವರು ಹೋಗಿ ಬ್ಯಾನರಿನಲ್ಲಿ ಓದಿಕೊಳ್ಳಲಿ. ಆ ಹೆಸರನ್ನು ಹೇಳಬೇಕಾದ ಬಾಯಿ ಬೇರೆಯೇ ಇತ್ತು. ನಾನು ಹೇಳುವುದು ಅದರ ಕತೆಯನ್ನು.

ಕಾಕಾನ ಮನೆಯ ಕೆಳಗಿನ ಎರಡು ಖೋಲಿಗಳಲ್ಲಿ ನಾನು ಹತ್ತು-ಹನ್ನೆರಡು ವರ್ಷ ಬಾಡಿಗೆಗಿದ್ದೆ. ಮೇಲೆ ಕಾಕಾ ಮತ್ತು ಅವರ ಹೆಂಡತಿ ಕಾಕು, ಇಬ್ಬರೇ. ಒಬ್ಬಳೇ ಮಗಳು, ಹುಬ್ಬಳ್ಳಿಗೆ ಕೊಟ್ಟಿದ್ದರು. ಕಾಕಾ ಮೊದಲು ಕಂಡಕ್ಟರ್, ಆಮೇಲೆ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಅಂದರೆ ಗಾಜಿನ ಖೋಲಿಯಲ್ಲಿ ಮೈಕ್ ಹಿಡಿದು ಕುಳಿತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬಂದಿದೆ ಎಂದು ಕೂಗುವ ಕೆಲಸ. ಪ್ರತಿ ದಿನ ಬೆಳಗಾವಿಯಿಂದ ಹೋಗಿ ಬರುತ್ತಿದ್ದರು. ನಾನು ಆ ಮನೆಗೆ ಬರುವ ಹೊತ್ತಿಗೆ ನಿವೃತ್ತಿಯಾಗಿತ್ತು. ಮೈಕ್ ಹೋಗಿತ್ತು, ಧ್ವನಿ ಹಾಗೇ ಇತ್ತು. ಅವರು ಮಾಳಿಗೆಯ ಮೇಲೆ ಚಹಾ ಕೇಳಿದರೆ ರೈಲ್ವೆ ಗೇಟಿನ ಕಡೆಯವರಿಗೂ ಗೊತ್ತಾಗುತ್ತಿತ್ತು.

ಧ್ವನಿ ದೊಡ್ಡದಿರಲಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಬೇರೆ. ಈ ಮನುಷ್ಯ ಹೆಂಡತಿಗೆ ಒಂದು ಮಾತು ಮುಗಿಸಲು ಬಿಡುತ್ತಿರಲಿಲ್ಲ.

ಬಾಡಿಗೆಗೆ ಬಂದ ಹೊಸದರಲ್ಲಿ ಕಾಕು ಒಂದು ವಾಟಿಯಲ್ಲಿ ಅಗಸಿ ಚಟ್ನಿ ಕೊಟ್ಟರು. ಹೇಗೆ ಮಾಡಿದಿರಿ ಎಂದು ಕೇಳಿದೆ. ಕಾಕು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಕಾಕಾ:

"ಅಗಸಿ ಹುರೀಬೇಕ, ಬಳ್ಳೊಳ್ಳಿ ಹಾಕಬೇಕ, ಕಾರ ಮ್ಯಾಲ ಹಾಕಬೇಕ. ಅದರಾಗೇನೈತಿ?"

ಈ ಮನುಷ್ಯ ಜನ್ಮದಲ್ಲಿ ಒಲೆ ಹಚ್ಚಿದವರಲ್ಲ! ಕಾಕು ನನ್ನ ಕಡೆ ನೋಡಿ ನಕ್ಕು, ಗದ್ದವನ್ನು ಸ್ವಲ್ಪ ಎತ್ತಿ ಕಾಕಾನ ಕಡೆ ತೋರಿಸಿದರು. "ಅವರ್ನ ಕೇಳ್ರಿ."

ಆ ಗದ್ದ, ಆ ಮಾತು. ಮುಂದೆ ಸಾವಿರ ಸಲ ನೋಡಿದೆ. ಕಾಕು, ಗಣಪತಿಗೆ ಊರಿಗೆ ಹೋಗ್ತೀರಾ? ಅವರ್ನ ಕೇಳ್ರಿ. ಕಾಕು, ಈ ಸೀರೆ ನಿಮಗೆ ಹಿಡಿಸಿತಾ? ಅವರ್ನ ಕೇಳ್ರಿ. ಕಾಲು ನೋಯುತ್ತದೆ ಎಂದು ಡಾಕ್ಟರ್ ಹತ್ತಿರ ಹೋದರೆ, ಎಲ್ಲಿ ನೋವು ಎಂದು ಕಾಕಾನೇ ಹೇಳುತ್ತಿದ್ದರಂತೆ. ಒಮ್ಮೆ ಎಡಗಾಲಿನ ಬದಲು ಬಲಗಾಲು ಹೇಳಿದ್ದರು. ಕಾಕು ಬಲಗಾಲಿಗೇ ಔಷಧ ಹಚ್ಚಿಸಿಕೊಂಡು ಬಂದು, ಹಿತ್ತಿಲ ಮೆಟ್ಟಿಲ ಮೇಲೆ ನನ್ನೆದುರು ಕುಳಿತು ನಕ್ಕಿದ್ದರು. ನನಗೆ ನಗು ಬಂದಿರಲಿಲ್ಲ.

ಇನ್ನೊಂದು ಕೇಳಿ. ಇದು ಕಾಕಾ ಸ್ವತಃ ಹೆಮ್ಮೆಯಿಂದ ಹೇಳುತ್ತಿದ್ದದ್ದು. ಕಾಕುನ ತವರು ನಂದಗಡ. ತವರಿನಿಂದ ಬರುವಾಗ ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದು ಕಾಕಾನಿಗೆ ಊಟದ ಡಬ್ಬಿ ಕೊಟ್ಟು ಬೆಳಗಾವಿ ಬಸ್ಸು ಹತ್ತಬೇಕು. ಒಂದು ದಿನ ಗದ್ದಲದಲ್ಲಿ ಕಾಕುಗೆ ಕಂಟ್ರೋಲ್ ರೂಮಿನ ಕಡೆ ಬರಲು ತಡವಾಯಿತು. ಕಾಕಾ ಮೈಕ್ ಹಿಡಿದರು. "ನಂದಗಡ ಗಾಡಿಯಿಂದ ಇಳಿದ, ಹಸಿರು ಸೀರಿ ಉಟ್ಟ, ಬುಟ್ಟಿ ಹಿಡಿದ ಹೆಣ್ಣಮಗಳು ಕೂಡಲೇ ಕಂಟ್ರೋಲ್ ರೂಮಿಗೆ ಬರಬೇಕು." ಇಡೀ ಸ್ಟ್ಯಾಂಡು ಹಸಿರು ಸೀರೆಯನ್ನು ಹುಡುಕಿತು. ಯಾರದೋ ಸರ ಕದ್ದವಳು ಎಂದು ಒಬ್ಬ ಮುದುಕ ಕಾಕುನ ಕೈಯನ್ನೇ ಹಿಡಿದನಂತೆ.

"ಹೆಸರ ಹಿಡದ ಕರೀಬಾರದೇನ್ರಿ ಕಾಕಾ?" ಎಂದೆ.

"ಹೇಣ್ತಿ ಹೆಸರ ಮೈಕಿನಾಗ ಯಾರ ತಗೋತಾರವಾ?" ಎಂದು ನಕ್ಕರು.

ಮೈಕಿನಲ್ಲಿ ಬಿಡಿ, ಮನೆಯಲ್ಲೂ ಅವರು ಆ ಹೆಸರು ಹಿಡಿದದ್ದನ್ನು ನಾನು ಕೇಳಿಲ್ಲ. "ಏ, ಕೇಳಿಲ್ಲಿ." ಅಷ್ಟೇ. ಕಾಕು ಅಂತೂ ಹಳೆಯ ಕಾಲದವರು, ಗಂಡನ ಹೆಸರು ಹೇಳುವವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕಡೆ ನೋಡುವರು, ಪಕ್ಕದವರು ಹೇಳುವರು. ನಮ್ಮ ಕಡೆ ಆ ವಯಸ್ಸಿನ ಹೆಣ್ಣುಮಕ್ಕಳು ಹಾಗೇ. ಯಾರಿಗೂ ಅದು ಸೋಜಿಗವಲ್ಲ.

ಕಾಕುನ ಧ್ವನಿ ಒಡೆಯಲು ಶುರುವಾದದ್ದು ಒಂದು ಮಳೆಗಾಲದಲ್ಲಿ. ನೆಗಡಿ ಎಂದರು. ಶುಂಠಿ ಕುಡಿದರು, ಅರಿಸಿನ ಹಾಲು ಕುಡಿದರು. ಮಳೆ ಹೋಯಿತು, ಧ್ವನಿ ಬರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕುಳಿತು ಓಣಿಯವರ ಮುಂದೆ, "ನಮ್ಮ ಮನ್ಯಾಗ ಈಗ ಭಾಳ ಶಾಂತ ಐತಿ ನೋಡ್ರಿ" ಎಂದು ನಕ್ಕದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬ್ಯಾನರ್ ಬರೆಸಿದವರು ಕೇಳಿಲ್ಲ.

ಆಮೇಲೆ ನುಂಗಲು ತ್ರಾಸಾಯಿತು. ಆಸ್ಪತ್ರೆ, ನಳಿಗೆ ಬಿಟ್ಟು ನೋಡಿದ್ದು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದು. ಕಡೆಗೆ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಕ್ಯಾನ್ಸರ್, ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟು ಗುಣಪಡಿಸುವ ಹಂತ ದಾಟಿದೆ. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ದೀಪಾವಳಿ ಮನೆಯಲ್ಲಿ ಮಾಡಿಕೊಂಡು ಬನ್ನಿ, ಆಮೇಲೆ ಆಪರೇಷನ್.

ಮನೆಗೆ ಬಂದ ಸಂಜೆ ಕಾಕಾ ಮೇಲಿನಿಂದ ಕೂಗಾಡಿದರು. "ಮಿಶ್ರಿ! ಮಿಶ್ರಿ ತಿಕ್ಕಿ ತಿಕ್ಕಿ ಇದನ್ನ ತಂದಕೊಂಡಿ!" ಹುರಿದ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಚಟ ಕಾಕುಗೆ ಹುಡುಗಿಯಾಗಿದ್ದಾಗಿನಿಂದ ಇತ್ತು.

ಒಡಕು ಧ್ವನಿಯಲ್ಲಿ ಕಾಕು ಕೇಳಿದ್ದು ಕೆಳಗಿದ್ದ ನನಗೂ ಕೇಳಿತು. "ಸಂತ್ಯಾಗಿಂದ ತಂದ ಕೊಡತಿದ್ದಾವ್ರ್ಯಾರು?"



ಮರುದಿನದಿಂದ ತಯಾರಿ. ಹಬ್ಬದ ದಿನ ಹೆಚ್ಚುವರಿ ಗಾಡಿ ಬಿಡುವಾಗ ಹೇಗೆ ತಯಾರಿ ಮಾಡುತ್ತಿದ್ದರೋ ಹಾಗೆ. ಅಡುಗೆಮನೆಯಲ್ಲೊಂದು, ಮಂಚದ ಬಾಜೂಕೊಂದು, ಬಚ್ಚಲಲ್ಲೊಂದು ಬೆಲ್ ಹಾಕಿಸಿದರು. ಅದೂ ಸಾಲದು ಎನಿಸಿತು. ಟ್ರಂಕಿನ ತಳದಿಂದ ತಮ್ಮ ಕಂಡಕ್ಟರ್ ಕಾಲದ ಸೀಟಿ ತೆಗೆದು, ಹುಣಸೆಹಣ್ಣು ಹಚ್ಚಿ ತೊಳೆದು, ಹೊಸ ದಾರ ಪೋಣಿಸಿ ಕಾಕುನ ಕೊರಳಿಗೆ ಹಾಕಿದರು.

"ನೋಡು, ಒಂದ ಸಲ ಊದಿದ್ರ ನಿಲ್ಲು ಅಂತ. ಎರಡ ಸಲ ಊದಿದ್ರ ಹೋಗೂಣು ಅಂತ. ಮೂರ ಸಲ ಊದಿದ್ರ ನೀರ ಬೇಕಂತ ಇಟಗೊಳೂಣು."

"ಸುಮ್ಕಿರ್ರಿ ಅನ್ನಾಕ ಎಷ್ಟ ಸಲ ಊದಬೇಕ?" ಎಂದು ಕೇಳಿದರು ಕಾಕು.

ಎರಡು ದಿನ ಆ ಮನೆಯಲ್ಲಿ ಸೀಟಿಯೇ ಸೀಟಿ. ಕಾಕು ಚಿಕ್ಕ ಹುಡುಗಿಯ ಹಾಗೆ ಊದುತ್ತಿದ್ದರು. ಕಾಕಾ ಪಡಸಾಲೆಯಿಂದ ಎದ್ದು ಓಡುವರು. ಒಮ್ಮೆ ಅವರು ಊಟದ ತಾಟಿನ ಮುಂದೆ ಕುಳಿತಾಗ ಕಾಕು ಎರಡು ಸಲ ಊದಿ, "ನಡೀರಿ, ಗಾಡಿ ಹೊಂಟತಿ" ಎಂದು ಎಬ್ಬಿಸಿದ್ದರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಹೋದಾಗ ಅಲ್ಲಿನ ಸಿಸ್ಟರ್ ಕೊರಳಲ್ಲಿದ್ದ ಸೀಟಿ ನೋಡಿ ಇದೇನು ಎಂದು ಕೇಳಿದಳು. ಎಂದಿನಂತೆ ಕಾಕಾನೇ ವಿವರಿಸಿದರು. ಪಾಪ, ಆ ಹುಡುಗಿ ಮೆತ್ತಗೆ ಹೇಳಿದಳು.

"ಅಜ್ಜಾರ, ಆಪರೇಷನ್ ಆದ ಮ್ಯಾಲ ಇವರು ಕುತಗಿಯೊಳಗಿನ ತೂತಿನಿಂದ ಉಸಿರಾಡ್ತಾರ್ರಿ. ಬಾಯಾಗಿಂದ ಗಾಳೀನ ಬರೂದಿಲ್ಲ. ಸೀಟಿ ಊದಾಕ ಆಗೂದಿಲ್ಲ."

ಕಾಕಾ ಸೀಟಿಯನ್ನು ಕಾಕುನ ಕೊರಳಿನಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಮಾತು ಹೋಗುತ್ತದೆ ಅಂದರೆ ಏನು ಹೋಗುತ್ತದೆ ಅನ್ನುವುದು ಅವರ ತಲೆಗೆ ಇಳಿದದ್ದು ಅಂದು, ಡಾಕ್ಟರು ಹೇಳಿದ ದಿನವಲ್ಲ.

ಅದರ ಮರುದಿನವೇ ಕಾಕಾ ನನ್ನ ಬಾಗಿಲಿಗೆ ಬಂದು ನಿಂತರು. ಬಾಯಲ್ಲಿ ಏನೋ ಇತ್ತು.

"ಏನ್ರಿ ಕಾಕಾ, ಹಲ್ಲನೂವೇನು?"

"ಲವಂಗ ಇಟಗೊಂಡೀನಿ," ಎಂದರು ಬಾಯಿ ತೆರೆಯದೆ. "ಅಕಿ ಮಾತಾಡೂ ಮುಂದ ನನ್ನ ಬಾಯಿ ತಾನ ತೆರೀತೈತಿ ತಂಗೀ. ಲವಂಗ ಕಚ್ಚಿ ಹಿಡಕೊಂಡ್ರ ನೆನಪಾಗ್ತೈತಿ. ಇರೋ ನಾಕ ದಿನ ಅಕಿ ಮಾತಾಡ್ಲಿ, ಅಕಿದ ಮುಗೀಲಿ."

ನಾನು ನಂಬಲಿಲ್ಲ. ಆದರೆ ಖರೆ ಹೇಳಬೇಕು, ಆ ಮನುಷ್ಯ ಮಾಡಿ ತೋರಿಸಿದರು. ದಿನಾ ಸಂಜೆ ಮಾಳಿಗೆಯ ಮೇಲೆ ಇಬ್ಬರೂ ಎದುರುಬದುರು ಕೂರುವರು. ಕಾಕು ಮಾತಾಡುವರು, ಕಾಕಾ ಲವಂಗ ಕಚ್ಚುವರು. ಒಣಹಾಕಿದ ಬಟ್ಟೆ ತೆಗೆಯಲು ಹೋದಾಗ ನನ್ನ ಕಿವಿಗೂ ಬೀಳುತ್ತಿತ್ತು. ಪ್ರೀತಿಯ ಮಾತು ಎಂದುಕೊಂಡಿರಾ? ಒಂದೂ ಇಲ್ಲ. ಎಲ್ಲ ಬಾಕಿ ಉಳಿದದ್ದು.

"ಅವ್ವ ನಂದಗಡದಾಗ ಹಾಸಿಗಿ ಹಿಡದಿದ್ಲು. ಇನ್ನೊಂದ ರಾತ್ರಿ ಇರತೀನಂದೆ. ಕಡೀ ಗಾಡಿ ಐತಿ ನಡಿ ಅಂದ್ರಿ. ಗಾಡ್ಯಾಗ ಕುಂದ್ರಿಸಿಕೊಂಡ ಬಂದ್ರಿ. ಮುಂಜಾನಿ ಹೋದ್ಲು ಅಕಿ. ನಾಕ ಮಾತ ಆಡೋದಿತ್ತು ನನಗ."

ಕಾಕಾನ ಬಾಯಿಂದ ಲವಂಗ ಕಡಿದ ಸಪ್ಪಳ.

ಮಗಳಿಗೆ ಯಾವ ಹೆಸರಿಡಬೇಕು ಎಂದು ಮನಸ್ಸಿತ್ತು, ಯಾವ ಸೀರೆ ಬೇಕಿತ್ತು, ಖಾನಾಪುರದ ಮನೆಯಲ್ಲಿ ಅತ್ತೆ ಹಾಲಿಗೆ ಬೀಗ ಹಾಕಿಡುತ್ತಿದ್ದುದನ್ನು ಹೇಳಲು ಬಂದಾಗ "ನಮ್ಮವ್ವನ ಸುದ್ದಿ ತಗೀಬ್ಯಾಡ" ಅಂದದ್ದು. ಎಲ್ಲ ಬಂತು. ಉಳಿದದ್ದೇ ಅಷ್ಟು ಧ್ವನಿ. ಅದನ್ನು ಕಾಕು ಜೋಪಾನ ಮಾಡಲಿಲ್ಲ, ಎಲ್ಲ ಖರ್ಚು ಮಾಡಿದರು.

ದೀಪಾವಳಿಯ ಪಾಡ್ಯದ ದಿನ ಕಾಕಾ ಮತ್ತೆ ನನ್ನ ಬಾಗಿಲಿಗೆ ಬಂದರು. ಒಳಗೆ ಬಂದು ಕುಳಿತರು, ಅದೇ ಒಂದು ಹೊಸದು. ಹೊರಗೆ ನಿಂತು ಕೂಗುವ ಮನುಷ್ಯ.

"ತಂಗೀ, ಅಕಿ ಎಲ್ಲಾ ಮಾತಾಡಿದ್ಲು. ಬಯ್ದ್ಲು. ನಾ ಕೇಳಿದೆ. ಇನ್ನ ಒಂದ ಐತಿ. ನನ್ನ ಹೆಸರ ಅಕಿ ಬಾಯಿಂದ ಒಮ್ಮೆನೂ ಕೇಳಿಲ್ಲ ನಾ. ಒಂದ ಸಲ ಅನಸ. ನೀ ಹೆಣ್ಣಮಗಳು, ನೀ ಹೇಳಿದ್ರ ಕೇಳ್ತಾಳ."

"ಒಮ್ಮೆನೂ ಇಲ್ಲ ಅಂದ್ರ? ಮದುವ್ಯಾಗ ಒಡಪ ಹೇಳಿರತಾರಲ್ರಿ."

ನಮ್ಮ ಕಡೆ ಗೊತ್ತಲ್ಲ, ಹೊಸ ಮದುಮಗಳನ್ನು ಹೊಸ್ತಿಲ ಮೇಲೆ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರು ಹೇಳಿದರೇ ಒಳಗೆ. ಬರೀ ಹೆಸರು ಹೇಳುವ ಹಾಗಿಲ್ಲ, ಒಂದು ಪದ ಕಟ್ಟಿ ಅದರಲ್ಲಿ ಹೆಸರು ಕೂಡಿಸಬೇಕು. ಅದೇ ಒಡಪು. ಎಂಥ ನಾಚಿಕೆಯ ಹುಡುಗಿಯೂ ಅಂದು ಹೇಳಲೇಬೇಕು.

ಕಾಕಾ ನೆಲ ನೋಡಿದರು. "ಅಕಿನ್ನ ಕೇಳ," ಎಂದರು.

ಹಿತ್ತಿಲ ಮೆಟ್ಟಿಲ ಮೇಲೆ ಕಾಕು ಹೇಳಿದ್ದು ಇದು. ಖಾನಾಪುರದ ಗಂಡನ ಮನೆ. ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತಿದ್ದಾರೆ. ಕಾಕು ತಿಂಗಳಿಂದ ಒಡಪು ಕಟ್ಟಿಟ್ಟುಕೊಂಡಿದ್ದರು. ಯಾರದ್ದೂ ಕೇಳಿ ಕಲಿತದ್ದಲ್ಲ, ಸ್ವಂತದ್ದು. ಶುರು ಮಾಡಿದರು: "ಕಣಕುಂಬಿ ಬಿಟ್ಟ ಮಲಪ್ರಭಾ ಹಿಡದಾಳ ಖಾನಾಪುರದ ಹಾದಿ..." ಹೆಸರು ಬರುವುದು ಎರಡನೆಯ ಸಾಲಿನಲ್ಲಿ. ಮದುವೆಗೆ ತಂದ ಬಸ್ಸನ್ನು ಕತ್ತಲಾಗುವುದರೊಳಗೆ ಡಿಪೋಕ್ಕೆ ಮುಟ್ಟಿಸಬೇಕಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮದುಮಗ, ಕಂಡಕ್ಟರ್ ಸಾಹೇಬರು, ಹಿಂದಿನಿಂದ ಕೂಗಿದರು. "ನನ್ನ ಹೆಸರ ಎಲ್ಲಾರಿಗೂ ಗೊತ್ತೈತಿ. ಒಳಗ ನಡಿ, ಗಾಡಿ ಬಿಡಬೇಕ!"

ಎಲ್ಲರೂ ನಕ್ಕರು. ಕಾಕು ಒಳಗೆ ನಡೆದರು. ಎರಡನೆಯ ಸಾಲು ಉಳಿಯಿತು.

"ಮುಂದ ಸೀಮಂತದ ದಿನ, ಮಗಳ ಹೆಸರಿಡೂ ದಿನ ಕೇಳಿದ್ರು," ಎಂದರು ಕಾಕು. "ನಾ ಹೇಳಲಿಲ್ಲ. ಕೇಳಬೇಕಾದಾವ್ರಿಗೆ ಬ್ಯಾಡಾಗಿತ್ತು, ಯಾರಿಗೆ ಹೇಳ್ಲಿ?"

"ಈಗ ಬೇಕಾಗೇತಿ ಅವರಿಗೆ. ಹೇಳಿಬಿಡ್ರಿ ಕಾಕು."

ಕಾಕು "ಕಾಯಲಿ," ಎಂದರು. "ಆಪರೇಷನ್ನಿಗೆ ಒಳಗ ಒಯ್ಯೂ ಮುಂದ ಹೇಳ್ತೀನಂತ ಹೇಳವಾ. ಅದಕಿಂತ ಮೊದಲ ಇಲ್ಲ."

ನಾನು ಹೋಗಿ ಹೇಳಿದೆ. ಕಾಕಾ ನನಗೆ ಕೈ ಮುಗಿದರು. ಬಾಡಿಗೆ ಒಂದು ದಿನ ತಡವಾದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಮನುಷ್ಯ, ನನಗೆ ಕೈ ಮುಗಿದರು.

ಆಪರೇಷನ್ನಿನ ದಿನ ಬೆಳಿಗ್ಗೆ ನಾನೂ ಹೋಗಿದ್ದೆ. ಮಗಳು ಹುಬ್ಬಳ್ಳಿಯಿಂದ ಇನ್ನೂ ದಾರಿಯಲ್ಲಿದ್ದಳು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಕ್ಷೌರ ಮಾಡಿಸಿಕೊಂಡಿದ್ದರು. ಬಾಯಲ್ಲಿ ಲವಂಗ. ಕೈಯಲ್ಲಿ ಫೋನ್. ಧ್ವನಿ ರೆಕಾರ್ಡ್ ಮಾಡಿಕೊಳ್ಳುವುದನ್ನು ನಾನೇ ಹಿಂದಿನ ದಿನ ಕಲಿಸಿದ್ದೆ, ಕೆಂಪು ಗುಂಡಿ ಒತ್ತಿ ಹಿಡಿದಿದ್ದರು. ಕಾಕುನನ್ನು ಹಸಿರು ಬಟ್ಟೆ ಹಾಕಿ ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಬಂದರು. ಥಿಯೇಟರಿನ ಬಾಗಿಲ ಮುಂದೆ ಗಾಡಿ ನಿಂತಿತು. ಕಾಕು ಕಾಕಾನ ಕಡೆ ತಿರುಗಿದರು. ಕಣ್ಣಲ್ಲಿ ಒಂದು ಥರದ ತುಂಟತನ ಇತ್ತು, ನಾನು ನೋಡಿದೆ. ಈಗ ಎಂದು ನನಗೆ ಗೊತ್ತಾಯಿತು. ಕಾಕಾ ಲವಂಗ ಕಚ್ಚಿ ಹಿಡಿದು ಫೋನನ್ನು ಮುಂದೆ ಚಾಚಿದರು.

ಅಷ್ಟರಲ್ಲಿ ಒಳಗಿನಿಂದ ಬಂದ ಸಿಸ್ಟರ್, ರೋಗಿ ಅದಲು ಬದಲಾಗಬಾರದಲ್ಲ, ಅದಕ್ಕೆ ಬಾಗಿಲಲ್ಲಿ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು.

"ಅಮ್ಮಾರ, ನಿಮ್ಮ ಯಜಮಾನ್ರ ಹೆಸರ ಹೇಳ್ರಿ."

ಕಾಕು ನಕ್ಕರು. ಬಾಯಿ ತೆರೆದರು.

ಹೆಸರು ಬಂತು. ಅಡ್ಡಹೆಸರು, ಅಪ್ಪನ ಹೆಸರು, ಊರಿನ ಹೆಸರು ಸಮೇತ, ಇಡೀ ವರಾಂಡಕ್ಕೆ ಕೇಳುವಂತೆ, ಮೈಕ್ ಹಿಡಿದಂತೆ ಬಂತು. ಕಾಕಾನ ಬಾಯಿಂದ. ಲವಂಗ ನೆಲಕ್ಕೆ ಬಿದ್ದಿತ್ತು.

"ಆತ್ರಿ," ಎಂದಳು ಸಿಸ್ಟರ್. "ನಡೀರಿ, ಒಳಗ ತಗೋರಿ."

ಕಾಕು ಬಾಯಿ ಮುಚ್ಚಿಕೊಂಡರು. ಅಷ್ಟೇ. ಗಾಡಿ ಉರುಳಿತು. ಏನು ಮಾಡಿದೆ ಎಂದು ಕಾಕಾನಿಗೆ ತಿಳಿಯುವುದರೊಳಗೆ ಎರಡೂ ಬಾಗಿಲುಗಳು ಬಂದು ಸೇರಿಕೊಂಡಿದ್ದವು. "ತಡೀರಿ! ಒಂದ ಮಿನಿಟ ತಡೀರಿ!" ಎಂದು ಬಾಗಿಲು ಬಡಿದರು. ಯಾರೂ ತೆಗೆಯಲಿಲ್ಲ. ಆಗ ಜೇಬಿಗೆ ಕೈ ಹಾಕಿ ಸೀಟಿ ತೆಗೆದು ಊದಿದರು. ಒಂದು ಸಲ, ಉದ್ದಕ್ಕೆ. ನಿಲ್ಲು ಅಂತ.

ವಾಚ್‌ಮನ್ ಓಡಿ ಬಂದು ಬೈದು ಸೀಟಿ ಕಿತ್ತುಕೊಂಡ. "ಇದೇನ ಬಸ್ ಸ್ಟ್ಯಾಂಡ್ ತಿಳದೀರೇನ್ರಿ?"

ಕಾಕು ಉಳಿದರು. ಮಾತು ಉಳಿಯಲಿಲ್ಲ. ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರ ತರಿಸಿದರು, ಅದು ಮಿಕ್ಸರ್ ಥರ ಗುರ್‌ಗುಟ್ಟಿತು, ಕಾಕು ಕಪಾಟಿನಲ್ಲಿಟ್ಟರು. ಮಗಳು ಫೋನಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಟ್ಟಳು. ಇವರು ಬರೆಯಬೇಕು, ಅದು ಓದಬೇಕು. ಯಾರೋ ಹೆಂಗಸಿನ ಧ್ವನಿ, ವಾರ್ತೆ ಓದಿದ ಹಾಗೆ. "ಊಟಕ್ಕೆ ಬನ್ನಿ. ಅನ್ನ ಆರುತ್ತಿದೆ." ನಂದಗಡದ ಹೆಣ್ಣುಮಗಳ ಕೈಯಿಂದ ಆ ಧ್ವನಿ ಬರುವಾಗ ಕಾಕಾ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಒಂದು. ಆ ಧ್ವನಿಯ ನಡುವೆ ಬಾಯಿ ಹಾಕಿದರೆ ಅದು ನಿಲ್ಲುತ್ತಿರಲಿಲ್ಲ. ಬರೆದದ್ದನ್ನು ಮುಗಿಸಿಯೇ ಬಿಡುತ್ತಿತ್ತು. ಕಾಕು ಉದ್ದುದ್ದ ಬರೆಯಲು ಕಲಿತರು. ಏನೆಲ್ಲ ಬರೆದರು. ಅದೊಂದು ಹೆಸರನ್ನು ಬರೆಯಲಿಲ್ಲ.

ಕಾಕಾ ಕ್ರಮೇಣ ಮಾತು ಬಿಟ್ಟರು. ಕಟ್ಟೆಯ ಮೇಲೆ ಕೂರುವರು, ಕೇಳಿದ್ದಕ್ಕೆ ಹೂಂ, ಹೂಂಹೂಂ. ಓಣಿಗೆ ಹೊಸದಾಗಿ ಬಂದವರು, ಬ್ಯಾನರ್ ಕಟ್ಟಿದ ಹುಡುಗರು, ನೋಡಿದ್ದು ಆ ಕಾಕಾನನ್ನು. ಅವರ ಪಾಲಿಗೆ ಮೃದುಭಾಷಿಯೇ. ಪಶ್ಚಾತ್ತಾಪದಿಂದ ಮನುಷ್ಯ ದೊಡ್ಡವನಾದ ಎಂದು ನಾನು ಬರೆಯಲಿ ಎಂದು ನೀವು ಕಾಯುತ್ತಿದ್ದರೆ, ಬರೆಯುವುದಿಲ್ಲ. ಕಳಕೊಂಡ ಮೇಲೆ ಸುಮ್ಮನಾಗುವುದು ಯಾರಿಗೆ ಬೇಕಾಗಿತ್ತು? ಬೇಕಾದಾಗ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಲಾಗಲಿಲ್ಲ.

ಬ್ಯಾನರ್ ನೋಡಿ ನಾನು ಮೇಲೆ ಹೋದೆ. ಕಾಕು ಒಬ್ಬರೇ ಕುಳಿತಿದ್ದರು, ಕುತ್ತಿಗೆಗೆ ಬಿಳಿ ವಸ್ತ್ರ. ಗೋಡೆಗೆ ಹಾರ ಹಾಕಿದ ಕಾಕಾನ ಫೋಟೊ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಕೇಳಬಾರದು ಎಂದುಕೊಂಡೇ ಹೋಗಿದ್ದೆ, ಬಾಯಿ ಕೇಳಲಿಲ್ಲ.

"ಕಾಕು, ಅವತ್ತ ಬಾಯಿ ತಗದಿದ್ರಲ್ಲ. ಖರೇನ ಹೇಳಾವ್ರಿದ್ರೇನ್ರಿ?"

ಫೋನ್ ಮಗ್ಗುಲಲ್ಲೇ ಇತ್ತು. ಕಾಕು ಅದನ್ನು ಮುಟ್ಟಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಗದ್ದವನ್ನು ಸ್ವಲ್ಪವೇ ಎತ್ತಿ, ಗೋಡೆಯ ಮೇಲಿನ ಫೋಟೊ ತೋರಿಸಿದರು.

ಅವರ್ನ ಕೇಳ್ರಿ.